ತಳ ಮತ್ತು ಗೋಡೆ ಕೂಡುವ ಜಾಗ

ನಾನು ಮೊದಲು ಕಟ್ಟಿಸಿದ ನೀರಿನ ತೊಟ್ಟಿ ಸೋರಿತು. ತಳ ಗಟ್ಟಿ, ಗೋಡೆಯೂ ಗಟ್ಟಿ. ಎರಡೂ ಕೂಡುವ ಗೆರೆಯಲ್ಲಿ ಮಾತ್ರ ಜಿನುಗು. ಒಡೆದು ನೋಡಿದರೆ ಪಿವಿಸಿ ವಾಟರ್‌ಸ್ಟಾಪ್, ಅಂದರೆ ಆ ಗೆರೆಯಲ್ಲಿ ನೀರು ದಾಟದಂತೆ ಕಾಂಕ್ರೀಟಿನೊಳಗೆ ಹುದುಗಿಸುವ ಪ್ಲಾಸ್ಟಿಕ್ ಪಟ್ಟಿ, ಒಂದು ಪಕ್ಕಕ್ಕೆ ವಾಲಿ ಮಲಗಿತ್ತು. ಅದರಡಿಗೆ ಬರೀ ಜಲ್ಲಿ, ಗಾರೆಯ ಸುಳಿವಿಲ್ಲ. ಪಟ್ಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಜಾಯಿಂಟಿನ ಮೈಯನ್ನೂ ಯಾರೂ ತೊಳೆದಿರಲಿಲ್ಲ. ಸಿಮೆಂಟ್ ಹಾಲು ಒಣಗಿ ಕಟ್ಟಿದ ಕೆನೆ ಉಗುರಿಗೇ ಏಳುತ್ತಿತ್ತು. ಕೊನೆಗೆ ಪಾಲಿಯುರೆಥೇನ್ ಎಂಬ ರಾಳವನ್ನು ಒತ್ತಡದಲ್ಲಿ ಒಳಗೆ ತುಂಬಿಸಿ (ಇಂಜೆಕ್ಷನ್) ಸೋರಿಕೆ ನಿಲ್ಲಿಸಿದೆವು.

ಎರಡನೆಯ ತೊಟ್ಟಿಗೆ ಬರುವಾಗ ಒಂದು ವಿಷಯ ಖಚಿತವಾಗಿತ್ತು: ಈ ಜಾಯಿಂಟಿನ ಹಣೆಬರಹ ತಳ ಹಾಕಿದ ದಿನವೇ ತೀರ್ಮಾನವಾಗುತ್ತದೆ. ಗೋಡೆಯ ಬುಡವನ್ನು 150 ಮಿ.ಮೀ. ಎತ್ತರಕ್ಕೆ, ತಳದ ಜೊತೆಗೇ, ಅದೇ ಕಾಂಕ್ರೀಟಿನಲ್ಲಿ ಎಬ್ಬಿಸಿದೆವು. ಇದಕ್ಕೆ ಕಿಕರ್ ಎನ್ನುತ್ತಾರೆ. ಮರುದಿನ ಪ್ರತ್ಯೇಕವಾಗಿ ಹಾಕುವುದಾದರೆ ಕಿಕರ್ ಬೇಡವೇ ಬೇಡ. ಒಂದು ಜಾಯಿಂಟಿನ ಬದಲು ಎರಡಾಗುತ್ತವೆ, ಅಷ್ಟೇ.

ವಾಟರ್‌ಸ್ಟಾಪ್ ಅರ್ಧ ಕಿಕರಿನಲ್ಲಿ ಹುದುಗಿ ಅರ್ಧ ಮೇಲೆ ನಿಲ್ಲಬೇಕು. ಅಂಚಿನ ತೂತುಗಳಿಗೆ ತಂತಿ ಪೋಣಿಸಿ ಎರಡೂ ಬದಿಯ ಕಂಬಿಗೆ ಬಿಗಿದೆವು. ಪಟ್ಟಿಯ ನಡುಮೈಗೆ ಮೊಳೆ ಹೊಡೆಯಲು ನಾನು ಬಿಡಲಿಲ್ಲ. ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟುವುದೂ ಇಲ್ಲ: ತುದಿಗೆ ತುದಿ ತಾಗಿಸಿ, ಬಿಸಿ ಅಲಗಿನಿಂದ ಕರಗಿಸಿ ಬೆಸುಗೆ. ಬೆಸೆದ ಮೇಲೆ ಪ್ರತಿಯೊಂದನ್ನೂ ಕೈಯಲ್ಲಿ ಬಗ್ಗಿಸಿ ನೋಡಿದೆ. ಸುಟ್ಟು ಕಪ್ಪಾದ ಎರಡನ್ನು ಕತ್ತರಿಸಿ ಮತ್ತೆ ಮಾಡಿಸಿದೆ. ಮೂಲೆಗಳಿಗೆ ಕಾರ್ಖಾನೆಯಲ್ಲೇ ಮಾಡಿದ ತುಂಡುಗಳನ್ನು ತರಿಸಿದ್ದೆ.

ಇನ್ನು ತೊಳೆಯುವುದು. ಇದಕ್ಕೆ ಗಡಿಯಾರ ನಂಬಬಾರದು, ಬಿಸಿಲು ಚಳಿಗೆ ತಕ್ಕಂತೆ ಹೊತ್ತು ಬದಲಾಗುತ್ತದೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಜಲ್ಲಿ ಮಾತ್ರ ಅಲುಗಬಾರದು. ಆಗ ನೀರು ಚಿಮ್ಮಿಸುತ್ತಾ ಬ್ರಷ್ ಹಾಕಿದರೆ ಕೆನೆ ಹೋಗಿ ಜಲ್ಲಿಯ ತಲೆಗಳು ಕಾಣುತ್ತವೆ. ಬೇಗ ಮಾಡಿದರೆ ಜಲ್ಲಿಯೇ ಕಿತ್ತು ಬರುತ್ತದೆ. ತಡವಾದರೆ ಚಾಣ ಹಿಡಿಯಬೇಕು, ಚಾಣದ ಏಟಿಗೆ ಅಂಚು ಬಿರುಕು ಬಿಡುತ್ತದೆ. ನಮಗೆ ಆ ಹೊತ್ತು ಬಂದದ್ದು ರಾತ್ರಿ. ಮೇಸ್ತ್ರಿ ಗೊಣಗಿದರೂ ಲೈಟ್ ಹಿಡಿದು ಪೂರ್ತಿ ಸುತ್ತು ತೊಳೆದರು.

ಗೋಡೆ ಹಾಕುವುದನ್ನು ಹೆಚ್ಚು ದಿನ ಮುಂದೂಡಲಿಲ್ಲ. ತಳ ಹಳತಾದಷ್ಟೂ, ಹೊಸ ಗೋಡೆ ತಣಿದು ಕುಗ್ಗುವಾಗ ತಳ ಅದರ ಬುಡವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಆಗ ಗೋಡೆಯಲ್ಲಿ ಬುಡದಿಂದ ಮೇಲಕ್ಕೆ ಏಳುವ ಬಿರುಕು. ಶಟರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಹಿಡಿದಿಡುವ ಅಚ್ಚು, ಕಿಕರನ್ನು ಅಪ್ಪಿ ಹಿಡಿಯುವ ಕಡೆ ಫೋಮ್ ಪಟ್ಟಿ ಅಂಟಿಸಿದೆವು. ಇಲ್ಲದಿದ್ದರೆ ಸಿಮೆಂಟ್ ಹಾಲು ಅಲ್ಲಿಂದಲೇ ಸೋರಿ ಜಾಯಿಂಟಿನಲ್ಲಿ ಜೇನುಗೂಡಿನಂತೆ ಜಲ್ಲಿಯ ನಡುವೆ ಪೊಳ್ಳು ಉಳಿಯುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಜಾಯಿಂಟಿನ ಮೈ ತೇವ ಮಾಡಿದೆವು, ನಿಂತ ನೀರನ್ನು ಊದಿ ತೆಗೆದೆವು. ಕಾಂಕ್ರೀಟನ್ನು ಮೇಲಿಂದ ಸುರಿಯದೆ ಪೈಪಿನಲ್ಲಿ ಬುಡದವರೆಗೆ ಇಳಿಸಿದೆವು. ಮೊದಲ ಪದರ ತೆಳುವಾಗಿರಲಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್, ವಾಟರ್‌ಸ್ಟಾಪ್ ಪಟ್ಟಿಯ ಎರಡೂ ಬದಿಗೆ ಇಳಿಯಲಿ, ಪಟ್ಟಿಗೆ ತಾಗದಿರಲಿ ಎಂದು ನಾನೇ ಮೇಲೆ ನಿಂತು ಹೇಳುತ್ತಿದ್ದೆ.

ಪೈಪ್ ಗೋಡೆ ದಾಟುವಲ್ಲಿ ನೀರು ತಾಗಿದರೆ ಉಬ್ಬುವ ಪಟ್ಟಿ ಸುತ್ತಿದ್ದೆವು. ಹಿಂದಿನ ರಾತ್ರಿಯ ಮಳೆಗೆ ಅದು ಮೊದಲೇ ಉಬ್ಬಿಬಿಟ್ಟಿತ್ತು. ಬಿಚ್ಚಿ ಹೊಸತು ಸುತ್ತಬೇಕಾಯಿತು.

ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ತೇವದಲ್ಲಿಟ್ಟು ಗಟ್ಟಿಯಾಗಿಸುವ ಕೆಲಸ, ಮುಗಿದ ಮೇಲೆ ನಿಧಾನವಾಗಿ ನೀರು ತುಂಬಿಸಿದೆವು. ಕಾಂಕ್ರೀಟ್ ಹೀರಿಕೊಳ್ಳಲೆಂದು 7 ದಿನ ಬಿಟ್ಟು, ಆಮೇಲೆ 7 ದಿನ ಮಟ್ಟ ಗುರುತು ಹಾಕಿದೆವು. ಆವಿಯಾಗುವ ಲೆಕ್ಕಕ್ಕೆ ಒಂದು ಬಕೆಟ್ ನೀರನ್ನು ತೊಟ್ಟಿಯಲ್ಲೇ ತೇಲಿಬಿಟ್ಟಿದ್ದೆ. ಬಕೆಟಿನಲ್ಲಿ ಇಳಿದಷ್ಟೇ ತೊಟ್ಟಿಯಲ್ಲೂ ಇಳಿದಿತ್ತು. ಬುಡದ ಜಾಯಿಂಟ್ ಸುತ್ತಲೂ ಒಣಗಿತ್ತು. ತೇವ ಕಂಡದ್ದು ಒಂದೇ ಕಡೆ, ಶಟರಿಂಗ್ ಬೋಲ್ಟಿನ ತೂತು ಮುಚ್ಚಿದ ಜಾಗದಲ್ಲಿ.