ಸಾಲ, ಸಬ್ಸಿಡಿ ಕೇಳುವ ಮುಂಚೆ ಹನ್ನೆರಡು ಮನೆ ಗೀರಿ

ಸಣ್ಣ ತೋಟ ಇಟ್ಟುಕೊಂಡು, ಬೆಳೆದಿದ್ದರಿಂದ ತಿನಿಸು ಮಾಡಿ ಬಾಟಲಿಗೆ ತುಂಬಿ ಮಾರುವವರಿಗೆ ಈ ಮಾತು. ಎಲ್ಲಿ ಸಾಲ ಸಿಗುತ್ತೆ, ಯಾವ ಸಬ್ಸಿಡಿ ಇದೆ ಅಂತ ಹುಡುಕುವುದು ಆಮೇಲಿನ ಕೆಲಸ. ಮೊದಲು ಒಂದು ಹಾಳೆ ತೆಗೆದುಕೊಂಡು ತಿಂಗಳಿಗೊಂದರಂತೆ ಹನ್ನೆರಡು ಮನೆ, ಅಂದರೆ ಚೌಕ, ಗೀರಿ. ಪ್ರತಿ ಮನೆಯಲ್ಲೂ ಆ ತಿಂಗಳು ಕೈಗೆ ಬರುವ ದುಡ್ಡು ಮೇಲೆ, ಕೈಬಿಟ್ಟು ಹೋಗುವ ದುಡ್ಡು ಕೆಳಗೆ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ: ಸರಕು ಮಾರಿದ ತಿಂಗಳಲ್ಲೇ ದುಡ್ಡು ಬಂತು ಅಂತ ಬರೆದುಬಿಡುತ್ತಾರೆ. ಅಂಗಡಿಯವರು 60 ದಿನ ಬಿಟ್ಟು ಕೊಡುತ್ತಾರೆ ಅಂದರೆ ಅದು ಎರಡು ಮನೆ ಮುಂದೆ ಹೋಗಬೇಕು. ಮನೆಖರ್ಚನ್ನೂ ಬರೆಯಿರಿ. ತೋಟದ ಲೆಕ್ಕ ಬೇರೆ, ಮನೆ ಲೆಕ್ಕ ಬೇರೆ ಅಂತ ಬಾಯಲ್ಲಿ ಹೇಳಬಹುದು, ಆದರೆ ಮಕ್ಕಳ ಫೀಸು ಕಟ್ಟುವ ತಿಂಗಳು ಎರಡಕ್ಕೂ ಕೈ ಹೋಗುವುದು ಒಂದೇ ಜೇಬಿಗೆ, ಅಲ್ವಾ?

ಈಗ ಮೊದಲ ತಿಂಗಳಿಂದ ಕೂಡುತ್ತಾ ಕಳೆಯುತ್ತಾ ಬನ್ನಿ. ಕೈಯಲ್ಲಿ ಉಳಿಯುವ ಮೊತ್ತ ಸೊನ್ನೆಗಿಂತ ಎಲ್ಲಿ ತೀರಾ ಕೆಳಗೆ ಇಳಿಯುತ್ತದೋ ಅದೇ ನಿಮಗೆ ಬೇಕಾದ ದುಡ್ಡು, ಅದೇ ಬೇಕಾದ ಸಮಯ. ವರ್ಷದ ಕೊನೆಗೆ ಲಾಭ ಇದ್ದರೂ ನಡುವೆ ನಾಲ್ಕು ತಿಂಗಳು ಕೈ ಪೂರ್ತಿ ಖಾಲಿ ಇರುವುದು ಸಣ್ಣ ತೋಟದಲ್ಲಿ ಮಾಮೂಲು. ಆ ನಾಲ್ಕು ತಿಂಗಳ ತಾಪತ್ರಯಕ್ಕೆ ಹೊಸ ಮೆಷೀನು ಕೊಳ್ಳುವ ಸಾಲ ಮದ್ದಲ್ಲ.

ದುಡ್ಡಿನಲ್ಲಿ ಜಾತಿ ಇದೆ, ಖರ್ಚಿನ ಆಯಸ್ಸಿಗೆ ಹೊಂದುವಂಥದ್ದನ್ನು ತರಬೇಕು. ಹತ್ತು ವರ್ಷ ಬಾಳುವ ಶೆಡ್, ಕೋಲ್ಡ್ ಸ್ಟೋರ್‌ಗೆ ಉದ್ದ ಅವಧಿಯ ಸಾಲ. ಬೀಜ, ಗೊಬ್ಬರ, ಬಾಟಲಿ, ಲೇಬಲ್‌ಗೆ ಒಂದು ಬೆಳೆಯಲ್ಲೇ ತೀರುವ ಬೆಳೆಸಾಲ, ಅಥವಾ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕು ಬಿಡುವ ಓವರ್‌ಡ್ರಾಫ್ಟ್. ಹೊಸ ತಿನಿಸು ಜನಕ್ಕೆ ಹಿಡಿಸುತ್ತದೋ ಇಲ್ಲವೋ ಅಂತ ನೋಡುವುದಕ್ಕೆ ಸ್ವಂತ ದುಡ್ಡು, ಇಲ್ಲವೇ ಸಹಾಯಧನ. ಅದಕ್ಕೆ ಸಾಲ ಮಾತ್ರ ಬೇಡ, ಯಾಕೆಂದರೆ ಪ್ರಯೋಗ ಕೆಟ್ಟರೂ ಕಂತು ನಿಲ್ಲುವುದಿಲ್ಲ. ಕಂತಿನ ತಾರೀಖಿನ ಬಗ್ಗೆಯೂ ಬಾಯಿ ಬಿಟ್ಟು ಕೇಳಿ. ಸುಗ್ಗಿ ಮುಗಿದ ಮೇಲೆ ದೊಡ್ಡ ಕಂತು, ಉಳಿದ ತಿಂಗಳು ಬಡ್ಡಿ ಮಾತ್ರ ಅನ್ನುವ ಏರ್ಪಾಡಿಗೆ ಒಪ್ಪುವ ಬ್ಯಾಂಕುಗಳಿವೆ, ಆದರೆ ಕೇಳದೆ ಹೋದರೆ ಪ್ರತಿ ತಿಂಗಳ ಕಂತಿನ ಫಾರಂ ಮುಂದಿಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ.

ಬಡ್ಡಿ ದರ ಕೇಳುವಾಗ ಇನ್ನೊಂದು ಪ್ರಶ್ನೆ ಸೇರಿಸಿ: ಬಡ್ಡಿ ಪೂರ್ತಿ ಸಾಲದ ಮೇಲೋ, ಉಳಿದ ಅಸಲಿನ ಮೇಲೋ? ಮೊದಲನೆಯದಕ್ಕೆ ಫ್ಲಾಟ್ ರೇಟ್ ಅನ್ನುತ್ತಾರೆ. 1200 ಸಾಲ ತೆಗೆದುಕೊಂಡಿರಿ, ಫ್ಲಾಟ್ 10 ಪರ್ಸೆಂಟ್, ಒಂದು ವರ್ಷಕ್ಕೆ ಬಡ್ಡಿ 120, ತಿಂಗಳಿಗೆ 110ರಂತೆ ಹನ್ನೆರಡು ಕಂತು. ಕೇಳೋಕೆ ಚೆನ್ನಾಗಿದೆ. ಆದರೆ ಆರನೇ ತಿಂಗಳು ಮುಗಿಯುವಾಗಲೇ ಅರ್ಧ ಅಸಲು ವಾಪಸ್ ಕೊಟ್ಟಿರುತ್ತೀರಿ, ಬಡ್ಡಿ ಮಾತ್ರ ಇನ್ನೂ ಪೂರ್ತಿ 1200ರ ಮೇಲೇ ಓಡುತ್ತಿರುತ್ತದೆ. ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಇದು ಸುಮಾರು 18 ಪರ್ಸೆಂಟ್. ಹಾಗಾಗಿ ಇನ್ನೊಂದು ಕಡೆ ಉಳಿದ ಅಸಲಿನ ಮೇಲೆ 14 ಅಂದರೆ ಅದೇ ಅಗ್ಗ.

ಸಹಾಯಧನದ ಕಥೆ ನನ್ನ ಕೈ ಸುಟ್ಟ ಮೇಲೆ ಅರ್ಥವಾಯಿತು. ಅರ್ಧ ದುಡ್ಡು ಬರುತ್ತದೆ ಅನ್ನುವ ಆಸೆಗೆ ಬಾಟಲಿ ತುಂಬುವ ಮೆಷೀನಿಗೆ ಅರ್ಜಿ ಹಾಕಿದೆ. ಮಂಜೂರೂ ಆಯಿತು. ಆಮೇಲೆ ಗೊತ್ತಾಗಿದ್ದು, ಪೂರ್ತಿ ದುಡ್ಡು ಮೊದಲು ನಾನು ಕೊಡಬೇಕು, ಬಿಲ್ಲು ಸಲ್ಲಿಸಿದ ಮೇಲೆ ಅವರ ಪಾಲು. ಆ ಪಾಲು ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೆಷೀನು ಬಂದು ಮೂಲೆಯಲ್ಲಿ ನಿಂತಿತ್ತು, ತುಂಬಲು ಬಾಟಲಿ ಕೊಳ್ಳೋಕೆ ದುಡ್ಡಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ! ಆದ್ದರಿಂದ ಮೂರು ವಿಷಯ ಮೊದಲೇ ಕೇಳಿಕೊಳ್ಳಿ. ದುಡ್ಡು ಮುಂಚೆ ಬರುತ್ತದೋ ಆಮೇಲೋ, ನಮ್ಮ ಪಾಲು ಎಷ್ಟು, ಮಂಜೂರಾತಿಗೆ ಮುಂಚೆ ಕೊಂಡ ಬಿಲ್ಲು ನಡೆಯುತ್ತದೋ. ಸಾಮಾನ್ಯವಾಗಿ ಕೊನೆಯದಕ್ಕೆ ಸಿಗುವ ಉತ್ತರ, ನಡೆಯುವುದಿಲ್ಲ ಅಂತಲೇ.

ಇನ್ನು ಬೆಲೆ. ಎಷ್ಟು ಸಾಲ ತಂದರೂ ಬೆಲೆ ತಪ್ಪಿದ್ದರೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ಅಂಗಡಿಯಲ್ಲಿ ನಿಮ್ಮ ಬಾಟಲಿ 100ಕ್ಕೆ ಮಾರುತ್ತದೆ ಅಂದುಕೊಳ್ಳಿ. ಅಂಗಡಿಯವರು 30 ಇಟ್ಟುಕೊಂಡರೆ ಉಳಿಯುವುದು 70. ನಡುವೆ ವಿತರಕರು ಇದ್ದು ಆ 70ರಲ್ಲಿ ಐದನೇ ಒಂದು ಪಾಲು ತೆಗೆದುಕೊಂಡರೆ ನಿಮಗೆ 56. ಬೆಳೆ, ಗ್ಯಾಸು, ಬಾಟಲಿ, ಮುಚ್ಚಳ, ಲೇಬಲ್, ಸಾಗಣೆ, ಒಡೆದು ಹೋಗಿದ್ದು, ಜೊತೆಗೆ ನಿಮ್ಮ ಸ್ವಂತ ಕೂಲಿ, ಎಲ್ಲ ಸೇರಿ 58 ಆದರೆ? ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ. ಹೀಗಿರುವಾಗ ಉದ್ಯಮ ಬೆಳೆಸೋಕೆ ಅಂತ ಸಾಲ ತೆಗೆದರೆ ನಷ್ಟವೇ ಬೆಳೆಯುತ್ತದೆ.

ನನ್ನ ಪ್ರಕಾರ ಬಡ್ಡಿಯಿಲ್ಲದ ಒಳ್ಳೆಯ ದುಡ್ಡು ಅಂದರೆ ಗಿರಾಕಿಗಳ ಮುಂಗಡ. ಬಿತ್ತನೆಗೆ ಮುಂಚೆಯೇ ಇಡೀ ಹಂಗಾಮಿನ ದುಡ್ಡು ಕಟ್ಟಿ, ಆಮೇಲೆ ವಾರವಾರ ಬುಟ್ಟಿ ಒಯ್ಯುವ ಪದ್ಧತಿ ಇದು. ಜಪಾನಿನಲ್ಲಿ ರೈತರೂ ಗ್ರಾಹಕರೂ ನೇರ ಕೈಜೋಡಿಸುವ ತೇಕೆ ಅನ್ನುವ ಚಳವಳಿ 1970ರ ದಶಕದಲ್ಲಿ ಬೆಳೆಯಿತು, ಅಮೆರಿಕದ ಎರಡು ತೋಟಗಳು 1986ರಲ್ಲಿ ಹಂಗಾಮಿನ ಮುಂಗಡದ ಪದ್ಧತಿ ಶುರುಮಾಡಿದವು. ಹತ್ತು ಹದಿನೈದು ಗಿರಾಕಿ ಕುಟುಂಬ ಸಾಕು ಶುರುಮಾಡೋಕೆ. ಆದರೆ ನೆನಪಿರಲಿ, ಇದೂ ಸಾಲವೇ, ತೀರಿಸುವುದು ತರಕಾರಿಯಲ್ಲಿ ಅಷ್ಟೇ. ಬಂದ ದುಡ್ಡನ್ನು ಮೊದಲ ತಿಂಗಳೇ ಬಳಿದುಬಿಡಬೇಡಿ. ಮಳೆ ಕೈಕೊಟ್ಟರೆ ಬುಟ್ಟಿ ಚಿಕ್ಕದಾಗುತ್ತದೆ ಅಂತ ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಿ, ಮುಜುಗರ ಪಡಬೇಡಿ.

ನಿಮ್ಮೊಬ್ಬರ ಹತ್ತಿರ ಅಡಮಾನ ಇಡಲು ಏನೂ ಇಲ್ಲದಿದ್ದರೆ ನಾಲ್ಕು ಜನ ಸೇರಿ ನೋಡಿ. ಜರ್ಮನಿಯಲ್ಲಿ ರೈಫೈಸೆನ್ ಅನ್ನುವವರು 1860ರ ದಶಕದಲ್ಲಿ ಹಳ್ಳಿ ಸಾಲ ಸಂಘಗಳನ್ನು ಕಟ್ಟಿದ್ದು ಇದೇ ಲೆಕ್ಕದಲ್ಲಿ. ಒಬ್ಬರ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ, ಹಾಗಾಗಿ ಯಾರು ತೀರಿಸುವವರು, ಯಾರು ಅಲ್ಲ ಅಂತ ಊರವರೇ ನೋಡಿಕೊಳ್ಳುತ್ತಿದ್ದರು. ಮೆಷೀನನ್ನೂ ಹೀಗೆ ಹಂಚಿಕೊಳ್ಳಬಹುದು, ಆದರೆ ಯಾವ ದಿನ ಯಾರದ್ದು, ಕೆಟ್ಟರೆ ರಿಪೇರಿ ಯಾರದ್ದು ಅಂತ ಮೊದಲೇ ಬರೆದಿಡಿ. ಜಗಳ ಹುಟ್ಟುವುದು ಅಲ್ಲೇ.

ಸಲಹೆ ಕೇಳುವುದಾದರೆ ಮೆಷೀನು ಮಾರುವವರ ಹತ್ತಿರ ಕೇಳಬೇಡಿ. ಲೆಕ್ಕ ನೋಡುವವರೊಬ್ಬರು, ನಿಮ್ಮ ತಿನಿಸು ಎಷ್ಟು ದಿನ ಕೆಡದೆ ಇರುತ್ತದೆ ಅಂತ ಪರೀಕ್ಷೆ ಮಾಡುವ ಲ್ಯಾಬ್ ಒಂದು, ಈ ಎರಡಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ಅರ್ಜಿಗೆ ಹೋಗುವಾಗ ಉದ್ಯಮಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ, ಒಂದು ವರ್ಷದ ಬಿಲ್ಲುಗಳು ತಾರೀಖಿನ ಪ್ರಕಾರ ಇರಲಿ, ಕೊಳ್ಳುವ ವಸ್ತುವಿಗೆ ಮಾರುವವರು ಬರೆದುಕೊಟ್ಟ ಬೆಲೆಯ ಚೀಟಿ (ಕೊಟೇಶನ್) ಎರಡು ಮೂರು ಇರಲಿ, ಮೇಲೆ ಆ ಹನ್ನೆರಡು ಮನೆಯ ಹಾಳೆ. ಸಾಲ ಕೊಡುವವರಿಗೆ ಮುಖ್ಯವಾಗಿ ಬೇಕಾಗಿರುವುದು ಯಾವ ತಿಂಗಳು ಯಾವ ದುಡ್ಡಿನಿಂದ ಕಂತು ಕಟ್ಟುತ್ತೀರಿ ಅನ್ನುವ ಉತ್ತರ, ಅದು ಆ ಹಾಳೆಯಲ್ಲೇ ಇದೆ. ಆಗಲ್ಲ ಅಂದರೆ ಸುಮ್ನೆ ಎದ್ದು ಬರಬೇಡಿ. ಯಾಕೆ ಅಂತ ಕೇಳಿ, ಸಾಧ್ಯವಾದರೆ ಬರೆಸಿಕೊಳ್ಳಿ. ಅವರು ಹೇಳಿದ ಕಾರಣ ಯಾವ ತಿಂಗಳ ಮನೆಗೆ ಸೇರುತ್ತದೆ ಅಂತ ಆ ಹಾಳೆಯಲ್ಲಿ ಹುಡುಕಿ, ಅದನ್ನು ಸರಿಮಾಡಿಕೊಂಡು ಮುಂದಿನ ಹಂಗಾಮಿಗೆ ಮತ್ತೆ ಹೋಗಿ.