ರ‍್ಯಾಂಡಿ ರೋಡ್ಸ್ ನೆನಪಿನ ಸಂಜೆಯನ್ನು ನಾವು ನಡೆಸುವ ಬಗೆ

ಶಿವಮೊಗ್ಗದಲ್ಲಿ ಗಿಟಾರ್ ಕಲಿಸುವುದು ನನ್ನ ವೃತ್ತಿ. ಕೆಲವು ವರ್ಷಗಳಿಂದ ಮಾರ್ಚ್ 19ರ ಆಸುಪಾಸಿನ ಒಂದು ಭಾನುವಾರ, ತೀರ್ಥಹಳ್ಳಿ ರಸ್ತೆಯಲ್ಲಿರುವ ಸ್ನೇಹಿತರೊಬ್ಬರ ಮನೆಯ ಅಡಿಕೆ ಅಂಗಳದಲ್ಲಿ, ರ‍್ಯಾಂಡಿ ರೋಡ್ಸ್ ಎಂಬ ಅಮೆರಿಕದ ರಾಕ್ ಗಿಟಾರ್ ವಾದಕನ ನೆನಪಿಗೆ ಒಂದು ಸಂಜೆಯನ್ನು ನಡೆಸಿಕೊಂಡು ಬಂದಿದ್ದೇನೆ. ಸಾಗರ, ಹೊಸನಗರ, ಭದ್ರಾವತಿ, ಕೊಪ್ಪಗಳಿಂದ ಬರುವ ಅಭಿಮಾನಿಗಳಲ್ಲಿ ಕ್ಯಾಸೆಟ್ಟಿನ ಕಾಲದವರೂ ಇದ್ದಾರೆ, ಮೊಬೈಲಿನಲ್ಲಿ ಮೊನ್ನೆ ಮೊನ್ನೆ ಕೇಳಿ ಮರುಳಾದವರೂ ಇದ್ದಾರೆ. ತಮ್ಮೂರಿನಲ್ಲೂ ಇಂಥದ್ದೊಂದನ್ನು ಮಾಡಬೇಕೆಂದಿರುವ ಕೆಲವರು ವಿವರ ಕೇಳಿದ್ದರಿಂದ, ನಾವು ಹೇಗೆ ಮಾಡುತ್ತೇವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೀರ್ಮಾನವಾಗಬೇಕಾದದ್ದು ಯಾವ ರ‍್ಯಾಂಡಿಯನ್ನು ನೆನೆಯುತ್ತೇವೆ ಎಂಬುದು. ಇಂಗ್ಲೆಂಡಿನ ರಾಕ್ ಗಾಯಕ ಓಜಿ ಆಸ್ಬರ್ನ್ ಪಕ್ಕದಲ್ಲಿ ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆಗಳಿದ್ದ ಗಿಟಾರ್ ಹಿಡಿದು ನಿಂತ ಹುಡುಗನ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಆತ ಹುಟ್ಟಾ ಸಂಗೀತ ಶಾಲೆಯ ಹುಡುಗ. 1956ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಹುಟ್ಟಿದ ರ‍್ಯಾಂಡಿಯನ್ನು ತಾಯಿ ಡೆಲೋರಿಸ್ ಒಂಟಿಯಾಗಿ ಬೆಳೆಸಿದರು; ಅವರು ನಾರ್ತ್ ಹಾಲಿವುಡ್‌ನಲ್ಲಿ ನಡೆಸುತ್ತಿದ್ದ ಮ್ಯೂಸೋನಿಯಾ ಎಂಬ ಶಾಲೆಯಲ್ಲಿ ಆತ ಕಲಿತ, ಬೆಳೆದ ಮೇಲೆ ಅಲ್ಲಿಯೇ ಮಕ್ಕಳಿಗೆ ಗಿಟಾರ್ ಕಲಿಸಿದ. ಓಜಿಯ ತಂಡ ಸೇರಿ ಹೆಸರು ಮಾಡಿದ ನಂತರವೂ, ಪ್ರವಾಸದಲ್ಲಿ ಯಾವ ಊರಿಗೆ ಹೋದರೂ ಅಲ್ಲಿನ ಶಾಸ್ತ್ರೀಯ ಗಿಟಾರ್ ಶಿಕ್ಷಕರನ್ನು ಹುಡುಕಿ ಪಾಠ ಹೇಳಿಸಿಕೊಳ್ಳುತ್ತಿದ್ದ. ನನ್ನಂಥ ಮೇಷ್ಟರಿಗೆ ಹತ್ತಿರವಾಗುವುದು ಈ ರ‍್ಯಾಂಡಿಯೇ. ಆದ್ದರಿಂದ ನಮ್ಮ ಸಂಜೆಯಲ್ಲಿ ದೊಡ್ಡ ಚಿತ್ರಪಟವಿಲ್ಲ, ಹಾರವಿಲ್ಲ, ಧ್ವನಿಮುದ್ರಿಕೆ ಹಾಕಿ ಕುಳಿತು ಕೇಳುವುದೂ ಇಲ್ಲ. ಬಂದವರಲ್ಲಿ ಯಾರಾದರೂ ಏನನ್ನಾದರೂ ಕಲಿತು ಬಂದು ನುಡಿಸಲೇಬೇಕು.

ಎಲ್ಲರೂ ಆರಂಭಿಸುವುದು ‘ಡೀ’ ಎಂಬ ಪುಟ್ಟ ರಚನೆಯಿಂದ. 1980ರಲ್ಲಿ ಇಂಗ್ಲೆಂಡಿನ ಸರ್ರೆಯ ರಿಡ್ಜ್ ಫಾರ್ಮ್ ಸ್ಟುಡಿಯೋದಲ್ಲಿ ಮುದ್ರಣಗೊಂಡ ಓಜಿಯ ‘ಬ್ಲಿಜಾರ್ಡ್ ಆಫ್ ಓಜ್’ ಆಲ್ಬಮ್ಮಿನಲ್ಲಿ, ಅಷ್ಟೆಲ್ಲ ಅಬ್ಬರದ ಹಾಡುಗಳ ನಡುವೆ, ತಾಯಿಗೆಂದು ರ‍್ಯಾಂಡಿ ಒಬ್ಬನೇ ನುಡಿಸಿದ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ರಚನೆಯದು. ಚಿಕ್ಕದೆಂದು ಸುಲಭವಲ್ಲ. ಹೆಬ್ಬೆರಳು ಕೆಳಗಿನ ಸ್ವರಗಳನ್ನು ನಡೆಸುತ್ತಿರುವಾಗಲೇ ಉಳಿದ ಬೆರಳುಗಳು ಮೇಲಿನ ರಾಗವನ್ನು ಹಾಡಬೇಕು, ಒಂದರ ಧ್ವನಿ ಇನ್ನೊಂದನ್ನು ಮುಳುಗಿಸಬಾರದು. ನಾನು ಮಕ್ಕಳಿಗೆ ಕೆಳಗಿನ ಸಾಲನ್ನು ಮಾತ್ರ ಮೊದಲು ಕೊಡುತ್ತೇನೆ, ಅದನ್ನು ಬಾಯಲ್ಲಿ ಹೇಳುತ್ತ ನುಡಿಸಲು ಬಂದ ಮೇಲೆಯೇ ಮೇಲಿನ ಸಾಲು. ಇದರಿಂದ ಬೇಸತ್ತು ಬಿಟ್ಟುಹೋಗುವವರಿದ್ದಾರೆ. ಹೋಗಲಿ ಬಿಡಿ, ಅವರು ಬಯಸುವುದು ವೇಗ, ಅದಕ್ಕೆ ಬೇರೆ ಮೇಷ್ಟರಿದ್ದಾರೆ.

1987ರಲ್ಲಿ ಹೊರಬಂದ ‘ಟ್ರಿಬ್ಯೂಟ್’ ಆಲ್ಬಮ್ಮಿನ ಕೊನೆಯಲ್ಲಿ ಇದೇ ‘ಡೀ’ಯನ್ನು ಸ್ಟುಡಿಯೋದಲ್ಲಿ ಮುದ್ರಿಸುವಾಗಿನ ಪ್ರಯತ್ನಗಳನ್ನು ಸೇರಿಸಿದ್ದಾರೆ. ಆತ ಆರಂಭಿಸುತ್ತಾನೆ, ನಡುವೆ ನಿಲ್ಲಿಸುತ್ತಾನೆ, ಏನೋ ಮಾತಾಡುತ್ತಾನೆ, ಮತ್ತೆ ಮೊದಲಿನಿಂದ ಹಿಡಿಯುತ್ತಾನೆ. ವೇದಿಕೆಯ ಭಯವಿರುವ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಕೇಳಿಸುವುದು ಇದನ್ನು. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿಯೇ ಬಂದಿದೆ: ನುಡಿಸುವಾಗ ಎಡವಿದವರು ಮುಗುಳ್ನಕ್ಕು ಮೊದಲಿನಿಂದ ಆರಂಭಿಸಬಹುದು, ಯಾರೂ ಚಪ್ಪಾಳೆ ತಟ್ಟಿ ಅವಸರಪಡಿಸುವಂತಿಲ್ಲ.

ನೈಲಾನ್ ತಂತಿಯ ಗಿಟಾರ್ ಇದಕ್ಕೆ ಬೇಕೇ ಬೇಕು. ಮಲೆನಾಡಿನಲ್ಲಿ ಅದನ್ನು ಕಾಪಾಡುವುದು ಸಣ್ಣ ಕೆಲಸವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಕುಡಿದು ಮರ ಉಬ್ಬುತ್ತದೆ, ತಂತಿ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಂದ, ಅಂದರೆ ಫ್ರೆಟ್‌ಗಳಿಂದ, ಮೇಲೇಳುತ್ತದೆ, ಒತ್ತಿದರೆ ಬೆರಳು ನೋಯುತ್ತದೆ. ಮಳೆಗಾಲದಲ್ಲಿ ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಮುಚ್ಚಿಡುವುದು, ಪೊಟ್ಟಣಗಳನ್ನು ಆಗಾಗ ಬದಲಿಸುವುದು ಒಳ್ಳೆಯದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಟ್ಟರೆ ಮರ ಬಿರಿಯುತ್ತದೆ, ಹೊಗೆಯೂ ಹಿಡಿಯುತ್ತದೆ. ಹೊಸ ನೈಲಾನ್ ತಂತಿಗಳು ಹಲವು ದಿನ ಸಡಿಲವಾಗುತ್ತಲೇ ಇರುವುದರಿಂದ ಕಾರ್ಯಕ್ರಮದ ಹಿಂದಿನ ದಿನ ತಂತಿ ಬದಲಿಸಬಾರದು, ಒಂದು ವಾರವಾದರೂ ಮೊದಲೇ ಕಟ್ಟಿ ದಿನಾ ಶ್ರುತಿ ಮಾಡುತ್ತಿರಬೇಕು.

ಅಬ್ಬರದ ಹಾಡಿಲ್ಲದೆ ಸಂಜೆ ಮುಗಿಯುವುದಿಲ್ಲ, ಮುಗಿಯಲೂಬಾರದು. ‘ಕ್ರೇಜಿ ಟ್ರೇನ್’ ಹಾಡಿನ ಆರಂಭದ ಗಿಟಾರ್ ಸಾಲನ್ನು ನಾನು ಸ್ವರಗಳಲ್ಲಿಯೇ ಹೇಳಿಕೊಡುತ್ತೇನೆ, ಏಕೆಂದರೆ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಕರ್ನಾಟಕ ಸಂಗೀತದ ಪಾಠದಿಂದ ಬಂದವರು. ಎಫ್ ಶಾರ್ಪ್ ಅನ್ನು ಷಡ್ಜವಾಗಿಟ್ಟುಕೊಂಡರೆ ಆ ಸಾಲು ‘ಸ ಸ ಪ ಸ ದ ಸ ಪ ಸ’ ಎಂದು ಹೋಗಿ ‘ಮ ಗ ರಿ ಗ ಮ ಗ ರಿ ನಿ’ ಎಂದು ತಿರುಗುತ್ತದೆ. ಸ್ವರಸ್ಥಾನಗಳು ನಟಭೈರವಿ ರಾಗದವು. ಹಾಡುಗಾರ ಬರುವ ಹೊತ್ತಿಗೆ ರ‍್ಯಾಂಡಿ ಗಾಂಧಾರವನ್ನು, ಅಂದರೆ ‘ಎ’ ಸ್ವರವನ್ನು, ನೆಲೆಯಾಗಿ ಹಿಡಿಯುತ್ತಾನೆ. ಅವೇ ಸ್ವರಗಳು ಗ್ರಹಭೇದದಿಂದ, ಅಂದರೆ ಷಡ್ಜದ ನೆಲೆ ಬದಲಾದದ್ದರಿಂದ, ಶಂಕರಾಭರಣ ರಾಗವಾಗುತ್ತವೆ, ಕತ್ತಲೆಯ ಹಾಡು ಇದ್ದಕ್ಕಿದ್ದಂತೆ ಬೆಳಗುತ್ತದೆ. ಇದನ್ನು ಒಮ್ಮೆ ಹೀಗೆ ವಿವರಿಸಿದಾಗ, ಮೊಮ್ಮಗಳನ್ನು ಕರೆತಂದಿದ್ದ ಹಿರಿಯರೊಬ್ಬರು, “ಮೇಷ್ಟ್ರೇ, ಇದನ್ನ ಮೊದಲೇ ಹೇಳಿದ್ರೆ ನಾನು ಕಿವಿಗೆ ಹತ್ತಿ ಇಟ್ಕೊಂಡು ಬರ್ತಿರ್ಲಿಲ್ಲ ಮಾರಾಯ್ರೇ” ಎಂದರು. ಆತ ನಮ್ಮ ರಾಗಗಳನ್ನು ನುಡಿಸಿದ ಎಂದು ಮಾತ್ರ ನಾನು ಹೇಳುವುದಿಲ್ಲ. ಆತನ ಆಲೋಚನೆ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯದು, ಗಮಕವೂ ಅಲ್ಲಿಲ್ಲ. ಕೇಳುವ ದಾರಿಯೊಂದನ್ನು ತೋರಿಸುವಷ್ಟಕ್ಕೇ ಈ ಹೋಲಿಕೆ.

ಮೂಲ ಹಾಡಿನ ನಡೆ ನಿಮಿಷಕ್ಕೆ ಸುಮಾರು 138 ಬಡಿತಗಳದು. ನಾವು ಲಯದ ಬಡಿತ ಕೊಡುವ ಮೆಟ್ರೊನೋಮನ್ನು 60ಕ್ಕಿಟ್ಟು ಆರಂಭಿಸಿ, ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸಿದ ಮೇಲಷ್ಟೇ ನಾಲ್ಕೈದು ಬಡಿತ ಏರಿಸುತ್ತೇವೆ. ಗಿಟಾರಿನ ಧ್ವನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಇಲ್ಲದೆ ಕಲಿಯಬೇಕೆಂಬುದು ನನ್ನ ಹಟ, ಅದರ ಗದ್ದಲದಲ್ಲಿ ಕೈಯ ದೋಷವೆಲ್ಲ ಅಡಗಿಕೊಳ್ಳುತ್ತದೆ.

ರ‍್ಯಾಂಡಿಯ ಏಕವಾದನಗಳ ಧ್ವನಿಯ ಗುಟ್ಟನ್ನು ಇಬ್ಬರು ಸೇರಿ ತೋರಿಸುವುದು ನಮ್ಮ ಸಂಜೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಆತ ಸ್ಟುಡಿಯೋದಲ್ಲಿ ಒಂದು ಸೋಲೋವನ್ನು ನುಡಿಸಿ, ಅದರ ಮೇಲೆ ಅದನ್ನೇ ಸ್ವರಕ್ಕೆ ಸ್ವರ ಹೊಂದಿಸಿ ಮತ್ತೆ ಮತ್ತೆ ನುಡಿಸಿ ಮುದ್ರಿಸುತ್ತಿದ್ದ. ಎರಡು ನುಡಿಕೆಗಳ ನಡುವೆ ಉಳಿಯುವ ಕೂದಲೆಳೆಯ ವ್ಯತ್ಯಾಸದಿಂದ ಧ್ವನಿ ಅಗಲವಾಗಿ, ದಪ್ಪವಾಗಿ ಕೇಳುತ್ತದೆ. ನಾವು ಅಂಗಳದ ಎರಡು ತುದಿಗಳಲ್ಲಿ ಎರಡು ಆಂಪ್ಲಿಫೈಯರ್ ಇಟ್ಟು, ಇಬ್ಬರು ವಿದ್ಯಾರ್ಥಿಗಳಿಂದ ಒಂದೇ ಸೋಲೋವನ್ನು ಏಕಕಾಲಕ್ಕೆ ನುಡಿಸಿಸುತ್ತೇವೆ. ಮೊದಲು ಒಬ್ಬರು, ಅನಂತರ ಇಬ್ಬರೂ. ನಡುವೆ ಕುಳಿತವರಿಗೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಇದಕ್ಕೆ ಇಬ್ಬರೂ ಬರೆದುಕೊಂಡದ್ದನ್ನೇ ನುಡಿಸಬೇಕು. ಆ ಕ್ಷಣಕ್ಕೆ ಕೈಗೆ ಬಂದದ್ದನ್ನು ಸೇರಿಸುವ ಚಾಳಿಯವರು ಈ ಕೆಲಸಕ್ಕೆ ಒದಗುವುದಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಮಾರ್ಚ್ ಹೊತ್ತಿಗೆ ಅಡಿಕೆ ಕೊಯ್ಲು, ಒಣಗಿಸುವುದು ಮುಗಿದು ಅಂಗಳ ಖಾಲಿಯಿರುತ್ತದೆ. ಬಯಲಾದ್ದರಿಂದ ಪ್ರತಿಧ್ವನಿಯ ಕಾಟವಿಲ್ಲ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಗಿಟಾರಿನ ತಂತಿ ಮುಟ್ಟಿದವರಿಗೆ ಕರೆಂಟ್ ಹೊಡೆಯುವ ಅಪಾಯವಿದೆ, ಆದ್ದರಿಂದ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸದೆ ಪ್ಲಗ್ ಹಾಕಬೇಡಿ. ಎಲ್ಲ ಆಂಪ್ಲಿಫೈಯರ್‌ಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಟ್ಟರೆ ಗುಂಯ್‌ಗುಡುವ ಸದ್ದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಬೇಸಿಗೆಯ ಮೊದಲ ಗುಡುಗು ಮಳೆ ಇದೇ ದಿನಗಳಲ್ಲಿ ಬರುವುದುಂಟು. ಮಿಂಚು ಕಂಡೊಡನೆ ಪ್ಲಗ್ ಕಿತ್ತು ಜಗಲಿಗೆ ಹೋಗಿ ನೈಲಾನ್ ಗಿಟಾರಿನಲ್ಲಿ ಮುಂದುವರಿಯುತ್ತೇವೆ. ಆ ದಿನಗಳು ಪರೀಕ್ಷೆಯವೂ ಆದ್ದರಿಂದ ಅಕ್ಕಪಕ್ಕದ ಮನೆಗಳಿಗೆ ಮೊದಲೇ ಹೋಗಿ ತಿಳಿಸಿ, ಕತ್ತಲಾದ ಸ್ವಲ್ಪ ಹೊತ್ತಿಗೆ ಆಂಪ್ಲಿಫೈಯರ್ ಆರಿಸುತ್ತೇವೆ.

ಸಾವಿನ ಬಗ್ಗೆ ಎಷ್ಟು ಹೇಳಬೇಕೆಂಬುದು ಸೂಕ್ಷ್ಮ. 1982ರ ಮಾರ್ಚ್ 19ರಂದು ಫ್ಲಾರಿಡಾದ ಲೀಸ್‌ಬರ್ಗ್‌ನಲ್ಲಿ, ಆತನಿದ್ದ ಪುಟ್ಟ ವಿಮಾನ ತಂಡದ ಬಸ್ಸಿನ ಮೇಲೆ ತೀರ ಕೆಳಗೆ ಹಾರುವಾಗ ಅದರ ರೆಕ್ಕೆ ಬಸ್ಸಿಗೆ ತಗುಲಿ ಅಪಘಾತವಾಯಿತು. ಪೈಲಟ್ ಹಾಗೂ ತಂಡದೊಂದಿಗಿದ್ದ ಮಹಿಳೆಯೊಬ್ಬರ ಜೊತೆ ಇಪ್ಪತ್ತೈದು ವರ್ಷದ ರ‍್ಯಾಂಡಿಯೂ ಸತ್ತ. ಇಷ್ಟನ್ನು ಮಾತ್ರ ಹೇಳುತ್ತೇನೆ. ಅಪಘಾತದ ಚಿತ್ರಗಳನ್ನು ಪರದೆಯ ಮೇಲೆ ತೋರಿಸೋಣವೆಂದು ಒತ್ತಾಯಿಸಿದವರಿಗೆ ಆಗುವುದಿಲ್ಲವೆಂದಿದ್ದೇನೆ. ಅದಕ್ಕಿಂತ ಮಗನನ್ನು ಕಳೆದುಕೊಂಡ ಮೇಲೂ ಡೆಲೋರಿಸ್ ತಮ್ಮ ಶಾಲೆಯನ್ನು ನಡೆಸಿಕೊಂಡು ಹೋದದ್ದನ್ನು, ಓಜಿಯೊಂದಿಗೆ ಆತ ಸ್ಟುಡಿಯೋದಲ್ಲಿ ಮುದ್ರಿಸಿದ ಆಲ್ಬಮ್‌ಗಳು ಕೇವಲ ಎರಡೆಂಬುದನ್ನು, ಆದರೂ 2021ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆತನಿಗೆ ಸಂಗೀತ ಶ್ರೇಷ್ಠತೆಯ ಪ್ರಶಸ್ತಿ ಕೊಟ್ಟದ್ದನ್ನು ಹೇಳಿದರೆ ಮಕ್ಕಳು ಹೆಚ್ಚು ಗಮನವಿಟ್ಟು ಕೇಳುತ್ತಾರೆ.

ಮುಂದಿನ ಮಾರ್ಚ್‌ಗೆ ಎರಡನೆಯ ಆಲ್ಬಮ್ಮಿನ ಶೀರ್ಷಿಕೆ ಗೀತೆಯಾದ ‘ಡೈರಿ ಆಫ್ ಎ ಮ್ಯಾಡ್‌ಮನ್’ ಹಿಡಿದಿದ್ದೇವೆ. ಅದರ ಆರಂಭದಲ್ಲಿ ಕ್ಯೂಬಾದ ಲಿಯೋ ಬ್ರೌವರ್ ಗಿಟಾರ್ ವಿದ್ಯಾರ್ಥಿಗಳಿಗೆಂದು ಬರೆದ ಸರಳ ಅಭ್ಯಾಸಗಳ ಪೈಕಿ ಆರನೆಯದರ ಛಾಯೆಯಿದೆ. ನಮ್ಮ ಇಬ್ಬರು ಹುಡುಗಿಯರು ಸದ್ಯಕ್ಕೆ ಆ ಅಭ್ಯಾಸವನ್ನೇ ನುಡಿಸುತ್ತಿದ್ದಾರೆ. ಅದು ಕೈಗೆ ಕೂತ ಮೇಲೆ ರ‍್ಯಾಂಡಿಯ ಪುಟ ತೆರೆಯುತ್ತೇವೆ.