ಮಳೆಯ ಟ್ರ್ಯಾಕಿನಲ್ಲಿ ನಾನು ಬದಲಿಸಿಕೊಂಡ ಹಾದಿ

ನಾನು ಕೋಲಾರದವನು. ಮಳೆಗಾಗಿ ಕಾಯುವುದೇ ಹೆಚ್ಚಾದ ನಮ್ಮ ಸೀಮೆಯಲ್ಲಿ ನಾನು ಕಾರು ಕಲಿತದ್ದೆಲ್ಲ ಒಣ ರಸ್ತೆಯ ಮೇಲೆ. ಅಭ್ಯಾಸಕ್ಕೆಂದು ಮುಳಬಾಗಿಲು, ಚಿತ್ತೂರು, ರಾಣಿಪೇಟೆ ದಾಟಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈನ ಕಾರ್ ರೇಸ್ ಟ್ರ್ಯಾಕಿಗೆ ಹೋಗುತ್ತಿದ್ದ ನನಗೆ, ಹಿಂಗಾರು ಸುರಿಯುತ್ತಿದ್ದ ನವೆಂಬರಿನ ಒಂದು ಬೆಳಿಗ್ಗೆ ಆ 3.7 ಕಿಲೋಮೀಟರಿನ ಸುತ್ತು ಹೊಸ ಟ್ರ್ಯಾಕಿನಂತೆಯೇ ಕಂಡಿತು.

ಮೊದಲ ಸುತ್ತಿನಲ್ಲಿ ರೂಢಿಯ ಹಾದಿಯನ್ನೇ ಹಿಡಿದೆ. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮುಂದಿನ ಚಕ್ರಗಳು ನೇರಕ್ಕೇ ಜಾರಿದವು. ಒಣ ದಿನಗಳಲ್ಲಿ ಎಲ್ಲರ ಟೈರುಗಳೂ ಉಜ್ಜಿ ರಬ್ಬರು ಮೆತ್ತಿಕೊಂಡ ಆ ಪಟ್ಟಿ, ಎಣ್ಣೆಯ ಜಿಡ್ಡಿನೊಂದಿಗೆ ನೆನೆದಾಗ ನುಣುಪಾಗಿ ಹೊಳೆಯುತ್ತದೆ. ಒಂದು ಕಾರಿನ ಅಗಲದಷ್ಟು ಹೊರಗೆ ಸರಿದು, ಜಲ್ಲಿಯ ತರಿ ಇನ್ನೂ ಕಾಣುವ ಕಡೆ ಹೋದ ಮೇಲೆ ಹಿಡಿತ ಸಿಕ್ಕಿತು. ಅಂದಿನಿಂದ ಮಳೆಯಲ್ಲಿ ಬ್ರೇಕನ್ನು ಬಹಳ ಮೊದಲೇ, ಕಾರು ನೇರವಾಗಿರುವಾಗಲೇ ಒತ್ತಿ ಮುಗಿಸುತ್ತೇನೆ. ಎರಡನೆಯ ಗೇರಿನ ತಿರುವನ್ನು ಮೂರನೆಯದರಲ್ಲಿ ದಾಟುತ್ತೇನೆ. ತಿರುವಿನ ಅಂಚಿಗೆ ಬಣ್ಣ ಬಳಿದ ಕಟ್ಟೆಯ, ಅಂದರೆ ಕರ್ಬಿನ ಮೇಲೆ ಚಕ್ರ ಹತ್ತಿಸುವುದೇ ಇಲ್ಲ.

ಅದೇ ದಿನ ನೇರ ಹಾದಿಯ ತಗ್ಗಿನಲ್ಲಿ ನೀರು ನಿಂತಿತ್ತು. ಚಕ್ರದ ಗೂಡಿಗೆ ಬಡಿಯುತ್ತಿದ್ದ ನೀರಿನ ಸದ್ದು ಬದಲಾಗಿ, ಸ್ಟಿಯರಿಂಗ್ ಕೈಯಲ್ಲಿ ಹಗುರಾಯಿತು: ಟೈರು ನೀರಿನ ಪದರದ ಮೇಲೆ ತೇಲುತ್ತಿತ್ತು. ಬ್ರೇಕ್ ಒತ್ತದೆ, ಸ್ಟಿಯರಿಂಗನ್ನು ಅಲ್ಲಾಡಿಸದೆ, ಆಕ್ಸಿಲರೇಟರನ್ನು ನಿಧಾನವಾಗಿ ಬಿಟ್ಟೆ. ಕ್ಷಣದಲ್ಲಿ ಭಾರ ಕೈಗೆ ಮರಳಿತು. ಆಗ ಬ್ರೇಕ್ ಒತ್ತಿದ್ದರೆ ಚಕ್ರಗಳು ಬಿಗಿದು, ನೆಲ ಮತ್ತೆ ಸಿಕ್ಕೊಡನೆ ಕಾರು ಯಾವ ಕಡೆಗಾದರೂ ತಿರುಗಬಹುದಿತ್ತು.

ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸಿ ನೋಡಿಕೊಳ್ಳುವ ಪಿಟ್‌ನಲ್ಲಿ ಅಳೆದಾಗ ಟೈರಿನ ಗೀರುಗಳ ಆಳ ಸುಮಾರು 3 ಮಿ.ಮೀ. ಇತ್ತು. ರಸ್ತೆಗೆ 1.6 ಮಿ.ಮೀ. ಕನಿಷ್ಠ ಮಿತಿ, ಆದರೆ ನೀರನ್ನು ಹೊರದಬ್ಬಲು ಅದು ಏನೂ ಸಾಲದು. ಅಷ್ಟು ಸವೆದ ಟೈರಿನಲ್ಲಿ ನಾನು ಮಳೆಗೆ ಇಳಿಯುವುದಿಲ್ಲ. ಮಳೆಯಲ್ಲಿ ಟೈರು ಅಷ್ಟಾಗಿ ಬಿಸಿಯಾಗದ ಕಾರಣ, ಒಣ ದಿನಕ್ಕಿಂತ ತುಸು ಹೆಚ್ಚು ಗಾಳಿ ತುಂಬಿಸಿಯೇ ಹೊರಡುತ್ತೇನೆ.

ಹಳದಿ ನೆಲದ ಮೇಲೆ ಕೆಂಪು ಉದ್ದ ಪಟ್ಟೆಗಳ ಬಾವುಟ ಕಂಡರೆ ಮುಂದೆ ಜಾರಿಕೆಯಿದೆಯೆಂದು ತಿಳಿದು ವೇಗ ಇಳಿಸುತ್ತೇನೆ. ಮಳೆ ನಿಂತ ಮೇಲೆ ಓಡಾಟದ ಪಟ್ಟಿಯೇ ಮೊದಲು ಒಣಗಿ ಬಣ್ಣ ತಿಳಿಯಾಗುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಹಳೆಯ ಹಾದಿಗೆ ಸ್ವಲ್ಪಸ್ವಲ್ಪವಾಗಿ ಮರಳುತ್ತೇನೆ, ಒದ್ದೆ ಕರ್ಬಿಗೆ ಮಾತ್ರ ಚಕ್ರ ಸೋಕದಂತೆ.